ಅಕ್ಕನ ಎದುರು ಎಂಟರ ಜೋಡಿ

ಭಾನುವಾರ ಮಧ್ಯಾಹ್ನ ಮೂರು ಗಂಟೆಗೆ ಇನ್ನು ಹತ್ತು ನಿಮಿಷ ಇದೆ ಎನ್ನುವಾಗ ನಾನು ಬಚ್ಚಲಿಗೆ ಹೋಗಿ ಮುಖ ತೊಳೆಯುತ್ತೇನೆ. ಹಣೆಗೆ ವಿಭೂತಿ ಹಚ್ಚಿಕೊಳ್ಳುತ್ತೇನೆ. ಇಸ್ತ್ರಿ ಮಾಡಿದ ಅಂಗಿ ತೊಟ್ಟು, ತಲೆ ಬಾಚಿ, ನಡುಮನೆಯ ಕುರ್ಚಿಯಲ್ಲಿ ನೆಟ್ಟಗೆ ಕೂರುತ್ತೇನೆ. ಹೀಗೆ ಕೂತು ಏನು ಮಾಡುತ್ತೀಯಪ್ಪಾ ಎಂದು ನೀವು ಕೇಳಿದರೆ ಹೇಳಲು ಸ್ವಲ್ಪ ನಾಚಿಕೆ. ಫೋನಿನಲ್ಲಿ ಇಸ್ಪೀಟು ಆಡುತ್ತೇನೆ. ಆ ಫೋನಿನೊಳಗೆ ನನ್ನ ಮುಖ ಯಾರಿಗೂ ಕಾಣುವುದಿಲ್ಲ. ಕಾಣುವುದು ಒಂದು ಹಸಿರು ಮೇಜು, ಅದರ ಸುತ್ತ ದುಂಡು ದುಂಡು ಚಿತ್ರಗಳು, ನನ್ನ ಚಿತ್ರದ ಕೆಳಗೆ 'ಸಿದ್ದಣ್ಣ ಕಡೂರು' ಎಂಬ ಹೆಸರು, ಅಷ್ಟೆ. ಆ ಚಿತ್ರವೂ ನನ್ನದಲ್ಲ, ಒಂದು ಕನ್ನಡಕದ್ದು.

"ಹೆಣ್ಣು ನೋಡಕ್ಕೆ ಹೊಂಟಂಗೆ ಹೊಂಟ್ರಲ್ಲ," ಅನ್ನುತ್ತಾಳೆ ನನ್ನ ಹೆಂಡತಿ ವಿಮಲ. "ನನ್ನ ನೋಡಕ್ಕೆ ಬಂದಾಗ್ಲೂ ಇಷ್ಟು ಸಿಂಗಾರ ಆಗಿರ್ಲಿಲ್ಲ ನೀವು."

ಅವಳ ಮಾತು ನಿಜ. ಆದರೆ ಆ ಹಸಿರು ಮೇಜಿನ ಇನ್ನೊಂದು ಮಗ್ಗುಲಲ್ಲಿ ನಮ್ಮಕ್ಕ ಕೂತಿರುತ್ತಾಳೆ. ತರೀಕೆರೆಯ ಗಿರಿಜಾ ಟೀಚರ್. ನಾಲ್ಕು ದಶಕ ಪ್ರೈಮರಿ ಸ್ಕೂಲಿನ ಮಕ್ಕಳ ಉಗುರು, ಕಿವಿ, ಕುತ್ತಿಗೆ ತಪಾಸಣೆ ಮಾಡಿ ನಿವೃತ್ತಳಾದವಳು. ಅವಳ ಎದುರಿಗೆ ಮುಖ ತೊಳೆಯದೆ ಕೂರಲು ನನಗೆ ಈ ಐವತ್ತೆಂಟರಲ್ಲೂ ಧೈರ್ಯವಿಲ್ಲ.

ನನ್ನ ಉದ್ಯೋಗವನ್ನೂ ಹೇಳಿಬಿಡುತ್ತೇನೆ. ಕಡೂರಿನ ಬಸ್ ಸ್ಟ್ಯಾಂಡಿಗೆ ಹತ್ತಿರ ನನ್ನದೊಂದು ಕನ್ನಡಕದ ಅಂಗಡಿ ಇದೆ. ಇಸ್ಪೀಟಿನ ಎಂಟರ ಅಂಕಿಯನ್ನು ಅಡ್ಡ ಮಲಗಿಸಿದರೆ ಕನ್ನಡಕದ ಹಾಗೆ ಕಾಣುತ್ತದೆ ಎಂದು ನಾನು ಹೇಳಿದರೆ ಗಿರಾಕಿಗಳು ನಗುತ್ತಾರೆ, ಅಕ್ಕ ಮಾತ್ರ ನಗಲಿಕ್ಕಿಲ್ಲ. ಎಂಟಕ್ಕೂ ನಮಗೂ ಹಳೆಯ ನಂಟು. ಅದನ್ನು ಹೇಳಬೇಕಾದರೆ ಸಿಂಗಟಗೆರೆಯ ನಮ್ಮ ಮನೆಯ ಅಟ್ಟದ ಕೆಳಗೆ ಹೋಗಬೇಕು.

ಆ ಅಟ್ಟದ ತುಂಬ ಕೊಬ್ಬರಿಗೆಂದು ಇಟ್ಟ ತೆಂಗಿನಕಾಯಿ. ವರ್ಷಗಟ್ಟಲೆ ಅವು ಅಲ್ಲೇ ಒಣಗುತ್ತಿದ್ದವು. ಕೆಳಗಿನ ಕೋಣೆಯಲ್ಲಿ ಬೇಸಿಗೆಯ ಮಧ್ಯಾಹ್ನ ಒಂದು ಥರದ ಸಿಹಿಯಾದ ಕಮಟು ವಾಸನೆ. ಇಲಿ ಓಡಾಡಿದರೆ ಒಂದೆರಡು ಕಾಯಿ ಉರುಳಿ ನಮ್ಮ ತಲೆಯ ಮೇಲೆ ಗುಡುಗು. ಅಲ್ಲಿ ಚಾಪೆ ಹಾಕಿಕೊಂಡು ಅಕ್ಕ ನನಗೆ ಇಸ್ಪೀಟು ಕಲಿಸಿದಳು. ಅವಳು ನನಗಿಂತ ಐದು ವರ್ಷ ದೊಡ್ಡವಳು. ಕಲಿಸುವಾಗ ಆಗಲೇ ಟೀಚರಾಗಿದ್ದಳು ಎನ್ನಬೇಕು, ತಪ್ಪು ಎಲೆ ಎಸೆದರೆ ಬೆರಳಿನ ಗೆಣ್ಣಿನ ಮೇಲೆ ಹೊಡೆಯುತ್ತಿದ್ದಳು.

ನಮ್ಮ ಕಟ್ಟಿನಲ್ಲಿ ಐವತ್ತೊಂದೇ ಎಲೆ. ಕಳಾವರ್ ಎಂಟು ಇರಲಿಲ್ಲ. ಅದನ್ನು ಮೇಕೆ ತಿಂದಿತು ಎಂದು ನನ್ನ ವಾದ, ನಾನೇ ಮಳೆನೀರಿಗೆ ಬಿಟ್ಟೆ ಎಂದು ಅವ್ವನ ವಾದ. ಕೊನೆಗೆ ಅಕ್ಕ ಯಾರದೋ ಮದುವೆಯ ಲಗ್ನಪತ್ರಿಕೆಯನ್ನು ಅಳತೆಗೆ ಕತ್ತರಿಸಿ, ಮಸಿಯಲ್ಲಿ ಎಂಟು ಕಳಾವರ್ ಬರೆದು ಒಂದು ಎಲೆ ತಯಾರಿಸಿದಳು. ಮುಂದಿನ ಬದಿ ಬಹಳ ಚೆನ್ನಾಗಿತ್ತು. ಹಿಂದಿನ ಬದಿಯಲ್ಲಿ ಮಾತ್ರ ಕೆಂಪು ಅಕ್ಷರದಲ್ಲಿ 'ಸುಖಾಗಮನ ಬಯಸುವವರು' ಎಂದು ಅಚ್ಚಾಗಿತ್ತು. ಹಾಗಾಗಿ ನಮ್ಮ ಮನೆಯಲ್ಲಿ ಕಳಾವರ್ ಎಂಟು ಯಾರ ಕೈಯಲ್ಲಿದೆ ಎಂಬುದು ಎಂದೂ ಗುಟ್ಟಾಗಿರಲಿಲ್ಲ. ಅದು ನನಗೇ ಹೆಚ್ಚು ಬರುತ್ತಿತ್ತು. ಬಂದ ಕೂಡಲೇ ನಾನು ಅದನ್ನು ಬೇರೆ ಎಲೆಗಳ ಹಿಂದೆ ತುರುಕುತ್ತಿದ್ದೆ. ತುರುಕುವುದನ್ನು ನೋಡಿಯೇ ಎಲ್ಲರಿಗೂ ಇನ್ನಷ್ಟು ಖಾತ್ರಿಯಾಗುತ್ತಿತ್ತು.

ಅಕ್ಕನಿಗೆ ಆ ಎಲೆಯ ಸಹಾಯವೇನೂ ಬೇಕಿರಲಿಲ್ಲ. ಬಿದ್ದ ಎಲೆಗಳೆಲ್ಲ ಅವಳ ತಲೆಯಲ್ಲಿ ಸಾಲಾಗಿ ಕೂತಿರುತ್ತಿದ್ದವು. "ನಿನ್ನತ್ರ ಆಟೀನ್ ಗುಲಾಮ ಐತೆ, ಅದನ್ನ ಹಿಡ್ಕೊಂಡು ಸಾಯ್ಬೇಡ," ಅನ್ನುವಳು, ನನ್ನ ಎಲೆಯನ್ನು ನನಗಿಂತ ಮೊದಲು ನೋಡಿದವಳ ಹಾಗೆ. ನಾನು ಹಿಂದೆ ತಿರುಗಿ ಗೋಡೆಯಲ್ಲಿ ಕನ್ನಡಿ ಇದೆಯೇ ಎಂದು ಎಷ್ಟು ಸಲ ಹುಡುಕಿದ್ದೇನೋ. ಗೋಡೆಯಲ್ಲಿ ಸುಣ್ಣ ಬಿಟ್ಟರೆ ಏನೂ ಇರಲಿಲ್ಲ. ದೇವರೆಂದರೆ ಏನು ಎಂದು ಆ ವಯಸ್ಸಿನಲ್ಲಿ ನನ್ನನ್ನು ಯಾರಾದರೂ ಕೇಳಿದ್ದರೆ, ಅಕ್ಕನ ಹಾಗೆ ಎಲ್ಲರ ಎಲೆಯೂ ಗೊತ್ತಿರುವವನು ಎಂದು ಹೇಳುತ್ತಿದ್ದೆ.

ಒಂದು ಬೇಸಿಗೆ ಅವಳಿಗೆ ಗದ್ದಬಾವು ಬಂತು. ಕೆನ್ನೆ ಊದಿ, ತಲೆಗೆ ಅವ್ವನ ಹಳೆ ಸೀರೆಯ ತುಂಡು ಕಟ್ಟಿಕೊಂಡು ಮಲಗಿದ್ದಳು. ಆಡೋಣ ಬಾ ಎಂದು ಅವಳೇ ಕರೆದಳು. ರಮ್ಮಿ ಆಡುತ್ತಿದ್ದೆವು. ಪಾಪ, ಗೆಲ್ಲಲಿ ಅಂತ ನಾನು ಅವಳಿಗೆ ಬೇಕಾಗಿದ್ದ ರಾಣಿಯನ್ನು ಬೇಕೆಂದೇ ಎಸೆದೆ. ಅವಳು ರಾಣಿಯನ್ನು ನೋಡಿದಳು, ನನ್ನನ್ನು ನೋಡಿದಳು. ಎತ್ತಿಕೊಳ್ಳಲಿಲ್ಲ. ಕೈಯಲ್ಲಿದ್ದ ಎಲೆಗಳನ್ನೆಲ್ಲ ಚಾಪೆಯ ಮೇಲೆ ಚೆಲ್ಲಿ ಗೋಡೆಯ ಕಡೆ ತಿರುಗಿ ಮಲಗಿಬಿಟ್ಟಳು. ಎರಡು ದಿನ ಮಾತಿಲ್ಲ. ಮೂರನೆಯ ದಿನ, ಮಾತಾಡಲು ಬಾಯಿ ಸರಿಯಾಗಿ ತೆರೆಯದಿದ್ದರೂ, ಹಲ್ಲು ಕಚ್ಚಿಕೊಂಡೇ ಹೇಳಿದಳು. "ಸೋತ್ರೆ ಸೋತೆ ಅಂತೀನಿ. ಗೆದ್ರೆ ಗೆದ್ದೆ ಅಂತೀನಿ. ನೀನ್ ಕೊಟ್ಟಿದ್ದಕ್ಕೆ ಏನಂತ ಹೇಳ್ಲೋ ನಾನು?"

ಎಂಟು ವರ್ಷದ ಹುಡುಗನಿಗೆ ಅದು ಅರ್ಥವಾಗಲಿಲ್ಲ, ಬಿಡಿ. ಐವತ್ತೈದು ವರ್ಷದವನಿಗೂ ಅರ್ಥವಾಗಿರಲಿಲ್ಲ ಎಂಬುದು ನಾಚಿಕೆಯ ವಿಷಯ.

ಮೂರು ವರ್ಷದ ಹಿಂದೆ ಅವ್ವ ತೀರಿಕೊಂಡಳು. ಕೊನೆಯ ಏಳು ವರ್ಷ ಅವಳು ತರೀಕೆರೆಯಲ್ಲಿ ಅಕ್ಕನ ಮನೆಯಲ್ಲೇ ಇದ್ದಳು. ನಾನು ತಿಂಗಳಿಗೊಮ್ಮೆ ಹೋಗಿ, ಬಾಳೆಹಣ್ಣು ಕೊಟ್ಟು, ಅವ್ವನ ಕನ್ನಡಕ ಒರೆಸಿ, ಸ್ಕ್ರೂ ಬಿಗಿ ಮಾಡಿ, ಊಟ ಮಾಡಿಕೊಂಡು ಬರುತ್ತಿದ್ದೆ. ಉಳಿದದ್ದೆಲ್ಲ ಅಕ್ಕ. ಆ ಉಳಿದದ್ದರಲ್ಲಿ ಏನೇನಿತ್ತು ಎಂಬುದು ವಯಸ್ಸಾದವರನ್ನು ನೋಡಿಕೊಂಡವರಿಗೆ ಗೊತ್ತು.

ಸಿಂಗಟಗೆರೆಯಲ್ಲಿ ಅವ್ವನ ಹೆಸರಿನಲ್ಲಿ ಒಂದು ಸಣ್ಣ ತೆಂಗಿನ ತೋಟ ಇತ್ತು. ನಮ್ಮಿಬ್ಬರಿಗೂ ಸೇರಬೇಕಾದದ್ದು. ನಮ್ಮ ಕಡೆ ಸಾಮಾನ್ಯವಾಗಿ ಅಕ್ಕತಂಗಿಯರನ್ನು ಕಚೇರಿಗೆ ಕರೆದುಕೊಂಡು ಹೋಗಿ, ಒಂದು ಸೀರೆ ಕೊಟ್ಟು, ಹಕ್ಕು ಬಿಟ್ಟೆ ಎಂದು ರುಜು ಹಾಕಿಸಿಕೊಳ್ಳುವುದು ವಾಡಿಕೆ. ನಾನು ಅಂಥವನಲ್ಲ ಎಂದು ತೋರಿಸಬೇಕಿತ್ತಲ್ಲ. ನನ್ನ ಹಕ್ಕನ್ನೇ ಬಿಟ್ಟು ಇಡೀ ತೋಟ ಅಕ್ಕನಿಗೆ ಎಂದು ಪತ್ರ ಬರೆಸಿದೆ. ಅವಳನ್ನು ಕೇಳಲಿಲ್ಲ. ಅರ್ಧ ಅರ್ಧ ಮಾಡಿಸೋಣ ಬಾ ಎಂದು ಕಡೂರಿಗೆ ಕರೆಸಿದೆ. ಸಬ್ ರಿಜಿಸ್ಟ್ರಾರ್ ಕಚೇರಿಯ ಜಗಲಿಗೆ ನೆಂಟರನ್ನೂ ಕರೆದಿದ್ದೆ. ಒಂದು ಡಬ್ಬಿ ಮೈಸೂರುಪಾಕು ಕೂಡ ತಂದಿದ್ದೆ. ನಾಲ್ಕು ಜನರ ಮುಂದೆ, "ಇದೆಲ್ಲಾ ನಿಂದೇ ಅಕ್ಕ, ನಂಗೇನೂ ಬ್ಯಾಡ," ಅಂದೆ. ನನ್ನ ಔದಾರ್ಯಕ್ಕೆ ನಾನೇ ಕರಗಿದ್ದೆ.

ಅಕ್ಕ ಪತ್ರವನ್ನು ಮೊದಲಿನಿಂದ ಕೊನೆಯವರೆಗೆ ಓದಿದಳು. ಪೆನ್ನಿನ ಮುಚ್ಚಳ ಹಾಕಿ ನನ್ನ ಅಂಗಿಯ ಜೇಬಿಗೆ ಸಿಕ್ಕಿಸಿದಳು.

"ಅವ್ವನ್ನ ನೋಡ್ಕೊಂಡಿದ್ದಕ್ಕೆ ಕೂಲಿ ಕೊಡ್ತಿದೀಯೇನೋ?" ಅಂದಳು.

ಅಷ್ಟೇ. ಮೆಟ್ಟಿಲಿಳಿದು ಬಸ್ ಸ್ಟ್ಯಾಂಡಿನ ಕಡೆ ನಡೆದಳು. ಮೈಸೂರುಪಾಕನ್ನು ಅವತ್ತು ಬೇರೆ ಯಾರದೋ ಸೈಟು ರಿಜಿಸ್ಟ್ರಿಗೆ ಬಂದಿದ್ದವರು ತಿಂದರು. ಅಂದಿನಿಂದ ಅಕ್ಕ ನನ್ನ ಜೊತೆ ಮಾತಾಡಿಲ್ಲ. ಫೋನು ಮಾಡಿದರೆ ಎತ್ತುವುದಿಲ್ಲ. ಮದುವೆ ಮನೆಗಳಲ್ಲಿ ಎದುರಾದರೆ ನನ್ನ ಹಿಂದಿನ ಕಂಬವನ್ನು ನೋಡುತ್ತಾಳೆ. ತೋಟದ ಖಾತೆ ಇನ್ನೂ ಅವ್ವನ ಹೆಸರಿನಲ್ಲೇ ಇದೆ. ಕಾಯಿ ಬೀಳುತ್ತವೆ. ಆರಿಸಲು ಅವಳೂ ಹೋಗುವುದಿಲ್ಲ, ನಾನೂ ಹೋಗುವುದಿಲ್ಲ.

ಇನ್ನು ಈ ಫೋನಿನ ಆಟಕ್ಕೆ ಬರುತ್ತೇನೆ. ಅಜ್ಜಂಪುರದಲ್ಲಿ ನಮ್ಮ ಚಿಕ್ಕಪ್ಪನ ಮಗ ರುದ್ರೇಶ ಇದ್ದಾನೆ. ಪಂಪ್‌ಸೆಟ್ಟಿನ ಅಂಗಡಿ. ದೀಪಾವಳಿಯ ಪಾಡ್ಯದ ಮಧ್ಯಾಹ್ನ ಮೊದಲೆಲ್ಲ ನಮ್ಮ ವಂಶದವರು ಅವನ ಮನೆಯಲ್ಲಿ ಸೇರಿ ಇಸ್ಪೀಟು ಆಡುತ್ತಿದ್ದೆವು. ಈಗ ಯಾರಿಗೂ ಬರಲು ಪುರಸೊತ್ತಿಲ್ಲ, ಬಂದರೂ ಚಕ್ಕಳಮಕ್ಕಳ ಹಾಕಿ ಕೂರಲು ಮಂಡಿ ಒಪ್ಪುವುದಿಲ್ಲ. ಅದಕ್ಕೆ ರುದ್ರೇಶ ಫೋನಿನಲ್ಲೇ ಮೇಜು ಹಾಕಿದ. ಆಟದ ಹೆಸರು ಪೋಕರ್. ದುಡ್ಡಿನ ಮಾತಿಲ್ಲ. ದುಡ್ಡು ಕಟ್ಟಿ ಆಡುವುದು ಈಗ ಕಾನೂನಿಗೂ ಆಗದು, ನಮ್ಮ ಮನೆಯ ಹೆಂಗಸರಿಗೂ ಆಗದು. ಎಂಟು ಒಂಬತ್ತು ಜನಕ್ಕೆ ಒಂದೊಂದು ಮೇಜು, ಎಲ್ಲರಿಗೂ ಸಮನಾಗಿ ಸಾವಿರದೈನೂರು ಬಿಲ್ಲೆ ಸಿಗುತ್ತವೆ. ಬಿಲ್ಲೆ ಮುಗಿದವರು ಆಚೆ. ಕೊನೆಗೆ ಉಳಿದವರ ಫೋಟೋವನ್ನು ರುದ್ರೇಶ ಒಂದು ವಾರ ನಮ್ಮ ವಾಟ್ಸಾಪ್ ಗುಂಪಿನ ಮುಖಪುಟಕ್ಕೆ ಹಾಕುತ್ತಾನೆ. ಕಡೂರು, ತರೀಕೆರೆ, ಅಜ್ಜಂಪುರದ ಇಪ್ಪತ್ತೈದು ನೆಂಟರು ಈ ಒಂದು ಫೋಟೋಕ್ಕಾಗಿ ಭಾನುವಾರದ ನಿದ್ದೆ ಬಿಡುತ್ತೇವೆ.

ಆಟ ಕಷ್ಟದ್ದಲ್ಲ. ಒಬ್ಬೊಬ್ಬರಿಗೆ ಎರಡೆರಡು ಎಲೆ ಗುಟ್ಟಾಗಿ ಬರುತ್ತವೆ. ಮೇಜಿನ ನಡುವೆ ಮೊದಲು ಮೂರು, ಆಮೇಲೆ ಒಂದು, ಆಮೇಲೆ ಇನ್ನೊಂದು ಎಲ್ಲರಿಗೂ ಕಾಣುವಂತೆ ತೆರೆಯುತ್ತವೆ. ನಿಮ್ಮ ಎರಡಕ್ಕೆ ನಡುವಿನವನ್ನು ಕೂಡಿಸಿಕೊಂಡು ಯಾರದು ದೊಡ್ಡದಾಗುತ್ತದೋ ಅವರಿಗೆ ಬಿಲ್ಲೆ. ಪ್ರತಿ ಎಲೆಗೂ ಬಿಲ್ಲೆ ಏರಿಸಬಹುದು, ಬೇಡವೆಂದರೆ ಎಲೆ ಕೆಳಗಿಟ್ಟು ಸುಮ್ಮನಾಗಬಹುದು. ಕೈಗೆ ಬಂದ ಎರಡೂ ಒಂದೇ ಆಗಿದ್ದರೆ ಜೋಡಿ. ಎಕ್ಕದ ಜೋಡಿ, ರಾಜನ ಜೋಡಿ ಬಂದರೆ ಯಾರು ಬೇಕಾದರೂ ಆಡುತ್ತಾರೆ. ತೊಂದರೆ ಇರುವುದು ಆರು, ಏಳು, ಎಂಟರ ಜೋಡಿಗಳಲ್ಲಿ. ಬಿಸಾಕಲು ಮನಸ್ಸು ಬಾರದು, ನಂಬಿಕೊಂಡರೆ ಕೈಕೊಡುತ್ತವೆ.

"ನಡುತರದ ಜೋಡಿ ಅಂದ್ರೆ ಬಾಡಿಗೆ ಮನೆ ಇದ್ದಂಗೆ ಕಣಣ್ಣ," ಎಂದು ರುದ್ರೇಶ ನನಗೆ ಪಾಠ ಮಾಡಿದ್ದ. ಅವನು ಇದನ್ನೆಲ್ಲ ವಿಡಿಯೋ ನೋಡಿ ಕಲಿತವನು. "ಸ್ವಂತದ್ದು ಅನ್ಕೊಂಡು ಮೊಳೆ ಹೊಡೀಬ್ಯಾಡ. ಆಟದ ಶುರುವಿನಾಗೆ ಕಮ್ಮಿ ಬಿಲ್ಲೆ ಹಾಕಿ ನಡುವಿನ ಮೂರು ಎಲೆ ನೋಡು. ಅದೇ ಎಲೆ ಮೂರನೇದು ಬಿತ್ತಾ, ಗಟ್ಟಿಯಾಗಿ ಕೂತ್ಕೋ. ಬೀಳ್ಲಿಲ್ವಾ, ಸಾಮಾನು ಕಟ್ಕೊಂಡು ಎದ್ದು ಬಾ."

ಎಂಟು ಒಂಬತ್ತು ಸಲಕ್ಕೊಮ್ಮೆ ಆ ಮೂರನೆಯದು ಬೀಳುತ್ತದಂತೆ. ಉಳಿದಷ್ಟೂ ಸಲ ಸಾಮಾನು ಕಟ್ಟುವುದೇ. ನಾನು ಸಾಮಾನು ಕಟ್ಟುವುದರಲ್ಲಿ ನಿಪುಣನಾಗಿದ್ದೆ. ಗೆಲ್ಲುವ ಆಸೆ ನನಗೆ ಅಷ್ಟಾಗಿ ಇರಲೂ ಇಲ್ಲ. ನನಗೆ ಬೇಕಾಗಿದ್ದದ್ದು ಬೇರೆ. ಆಟಗಾರರ ಪಟ್ಟಿಯಲ್ಲಿ 'ಗಿರಿಜಾ ಟೀಚರ್' ಎಂಬ ಹೆಸರಿನ ಪಕ್ಕ ಒಂದು ಹಸಿರು ಚುಕ್ಕೆ ಇರುತ್ತದೆ. ಅವಳು ಆಟದಲ್ಲಿ ಇರುವವರೆಗೂ ಆ ಚುಕ್ಕೆ. ಅವಳ ಸರದಿ ಬಂದಾಗ ಹೆಸರಿನ ಸುತ್ತ ಒಂದು ಗೆರೆ ಸುತ್ತುತ್ತದೆ, ಯೋಚಿಸುತ್ತಿದ್ದಾಳೆ ಎಂದು ಅರ್ಥ. ತರೀಕೆರೆಯಲ್ಲಿ ನಮ್ಮಕ್ಕ ಈ ಗಳಿಗೆಯಲ್ಲಿ ಹುಬ್ಬು ಗಂಟು ಹಾಕಿಕೊಂಡು ಕೂತಿದ್ದಾಳೆ ಎಂದು ನನಗೆ ತಿಳಿಯುವುದು ವಾರದಲ್ಲಿ ಅದೊಂದೇ ಹೊತ್ತು. ಬೇರೆಯವರು ಇಸ್ಪೀಟು ನೋಡುತ್ತಾರೆ, ನಾನು ಆ ಗೆರೆ ನೋಡುತ್ತೇನೆ. ಅವಳು ಬೇಗ ಸೋತು ಎದ್ದುಹೋದ ಭಾನುವಾರ ನನಗೆ ಸಂಜೆಯ ಕಾಫಿ ಸಪ್ಪೆ.

ಕಳೆದ ಭಾನುವಾರ ಅವಳೂ ನಾನೂ ಒಂದೇ ಮೇಜಿಗೆ ಬಿದ್ದೆವು. ಆಟ ಶುರುವಾಗಿ ಇನ್ನೂ ಹತ್ತು ನಿಮಿಷ. ನನಗೆ ಬಂದದ್ದು ಎಂಟರ ಜೋಡಿ. ಒಂದು ಆಟೀನ್, ಒಂದು ಕಳಾವರ್. ಕಳಾವರ್ ಎಂಟನ್ನು ಕಂಡ ಕೂಡಲೇ ನಾನು ಫೋನನ್ನು ಎದೆಗೆ ಒತ್ತಿಕೊಂಡೆ. ಹಿಂಬದಿಯ 'ಸುಖಾಗಮನ ಬಯಸುವವರು' ಅಕ್ಕನಿಗೆ ಕಂಡೀತು ಎಂದು. ಆಮೇಲೆ ನನ್ನ ಪೆದ್ದುತನಕ್ಕೆ ನಾನೇ ನಕ್ಕು ಫೋನನ್ನು ಕೆಳಗಿಳಿಸಿದೆ.

ಅಕ್ಕ ಅರವತ್ತು ಬಿಲ್ಲೆಗೆ ಏರಿಸಿದಳು. ಉಳಿದವರೆಲ್ಲ ಒಬ್ಬೊಬ್ಬರಾಗಿ ಎಲೆ ಕೆಳಗಿಟ್ಟರು. ರುದ್ರೇಶನ ಪಾಠದಂತೆ ನಾನು ಅರವತ್ತು ಕೊಟ್ಟು ಮೂರು ಎಲೆ ನೋಡಲು ಕೂತೆ. ರಾಣಿ ಬಿತ್ತು, ಎಂಟು ಬಿತ್ತು, ಮೂರು ಬಿತ್ತು.

ಮೂರನೆಯ ಎಂಟು. ನನಗೆ ಕಿವಿ ಬಿಸಿಯಾಯಿತು. ಮೂರು ಎಂಟುಗಳ ಮುಂದೆ ಎಕ್ಕದ ಜೋಡಿಯೂ ಇಲ್ಲ, ರಾಜನ ಜೋಡಿಯೂ ಇಲ್ಲ. ಅಕ್ಕ ನೂರು ಹಾಕಿದಳು, ನಾನೂ ನೂರು ಹಾಕಿದೆ. ನಾಲ್ಕನೆಯ ಎಲೆ ಐದು. ಯಾರಿಗೂ ಉಪಯೋಗಕ್ಕೆ ಬಾರದ್ದು. ಅಕ್ಕ ಮುನ್ನೂರು ಹಾಕಿದಳು. ಅವಳು ಸುಮ್ಮನೆ ಮುನ್ನೂರು ಹಾಕುವವಳಲ್ಲ. ಕೈಯಲ್ಲಿ ಏನೋ ದೊಡ್ಡದಿದೆ. ಅದನ್ನು ನಂಬಿದ್ದಾಳೆ. ನಾನು ಈಗ ನನ್ನ ಬಿಲ್ಲೆಯನ್ನೆಲ್ಲ ಮುಂದಕ್ಕೆ ತಳ್ಳಿದರೆ ಅವಳೂ ತಳ್ಳುತ್ತಾಳೆ, ಮೂರೂ ಕಾಲಿಗೆ ಆಟದಿಂದ ಆಚೆ ಹೋಗುತ್ತಾಳೆ.

ಖುಷಿಪಡಬೇಕಾದವನು ಅವಳ ಹೆಸರಿನ ಪಕ್ಕದ ಹಸಿರು ಚುಕ್ಕೆಯನ್ನೇ ನೋಡುತ್ತಾ ಕೂತೆ. ಅವಳು ಹೋದರೆ ಚುಕ್ಕೆ ಆರುತ್ತದೆ. ಮೊದಲೇ ಸಿಟ್ಟಿರುವವಳು, ನನ್ನ ಕೈಯಿಂದಲೇ ಆಚೆ ಹೋದರೆ ಮುಂದಿನ ಭಾನುವಾರ ಬರುತ್ತಾಳೋ ಇಲ್ಲವೋ. ಎಲೆ ಕೆಳಗಿಟ್ಟುಬಿಡಲೇ ಎಂದು ಬೆರಳು ಆ ಕಡೆಗೇ ಹೋಯಿತು. ನಾನು ಏನಿಟ್ಟೆ ಎಂದು ಯಾರಿಗೂ ಕಾಣುವುದಿಲ್ಲ.

"ಏನ್ರೀ ಇಷ್ಟು ಬೆವರ್ತಿದೀರಿ?" ಎಂದು ವಿಮಲ ಅವರೆಕಾಯಿ ಸುಲಿಯುತ್ತಾ ಕೇಳಿದಳು.

"ಅಕ್ಕನ್ನ ಆಚೆ ಹಾಕೋ ಎಲೆ ಬಂದೈತೆ ಕಣೇ."

"ಹಾಕ್ರಿ ಮತ್ತೆ."

"ಹಾಕಿದ್ರೆ ಹೋಗ್ಬಿಡ್ತಾಳಲ್ಲ. ಸುಮ್ನೆ ಬಿಟ್ಕೊಡಾಣ ಅಂತ."

ವಿಮಲ ಅವರೆಕಾಯಿಯಿಂದ ತಲೆಯೆತ್ತಲಿಲ್ಲ. "ಹೋದ್ಸಲ ತೋಟ ಬಿಟ್ಕೊಟ್ರಲ್ಲ, ಆಗ ಇದ್ರಾ ಅವ್ರು?" ಅಂದಳು.

ಮೂವತ್ತು ವರ್ಷ ಜನರ ಕಣ್ಣು ಪರೀಕ್ಷೆ ಮಾಡಿದ್ದೇನೆ. ನನ್ನ ಮೂಗಿನ ತುದಿಯಲ್ಲಿದ್ದದ್ದನ್ನು ಅವರೆಕಾಯಿ ಸುಲಿಯುವವಳು ತೋರಿಸಬೇಕಾಯಿತು. ಗದ್ದಬಾವಿನ ಬಾಯಿಯಿಂದ ಅಕ್ಕ ಹೇಳಿದ ಮಾತು ಐವತ್ತು ವರ್ಷ ತಡವಾಗಿ ನನ್ನ ತಲೆಗೆ ಇಳಿಯಿತು. ಅಕ್ಕನಿಗೆ ನಾನು ಕೊಡಬಹುದಾದದ್ದು ಒಂದೇ ಇತ್ತು, ಅದು ಸರಿಯಾದ ಆಟ. ಕಣ್ಣು ಮುಚ್ಚಿ ಬಿಲ್ಲೆಯನ್ನೆಲ್ಲ ಮುಂದಕ್ಕೆ ತಳ್ಳಿದೆ.

ಗಿರಿಜಾ ಟೀಚರ್ ಹೆಸರಿನ ಸುತ್ತ ಗೆರೆ ಸುತ್ತತೊಡಗಿತು. ಒಂದು ಸುತ್ತು ಮುಗಿಯಿತು. ಎರಡನೆಯದು ಶುರುವಾಯಿತು. ಮೇಜಿನಲ್ಲಿ ಎಂಟು ಜನ ಉಸಿರು ಬಿಗಿಹಿಡಿದಿದ್ದಾರೆ ಎಂದು ನನಗೆ ಗೊತ್ತಾಗುತ್ತಿತ್ತು, ಹೇಗೆ ಗೊತ್ತಾಗುತ್ತದೆ ಎಂದು ಕೇಳಬೇಡಿ. ಗೆರೆ ಕೊನೆಯ ಚೂರಿಗೆ ಬಂದಾಗ ಅಕ್ಕ ಎಲೆ ಕೆಳಗಿಟ್ಟಳು.

ಕೆಳಗಿಟ್ಟ ಎಲೆಯನ್ನು ತೋರಿಸಲೇಬೇಕೆಂದಿಲ್ಲ. ಬೇಕಾದವರು ತೋರಿಸಬಹುದು. ಅಕ್ಕ ತೋರಿಸಿದಳು. ಒಂದು ಇಸ್ಪೀಟು ಎಕ್ಕ. ಇನ್ನೊಂದು ಆಟೀನ್ ಎಕ್ಕ.

ಎಕ್ಕದ ಜೋಡಿ ಇನ್ನೂರು ಇನ್ನೂರಿಪ್ಪತ್ತು ಸಲಕ್ಕೆ ಒಂದು ಬಾರಿ ಬರುವಂಥದ್ದು. ನಮ್ಮಂಥವರು ಅದು ಬಂದ ದಿನ ದೇವರಿಗೆ ಕಾಯಿ ಒಡೆಯುತ್ತೇವೆ. ಅದನ್ನು ಹಿಡಿದುಕೊಂಡು ಹೊಂಡಕ್ಕೆ ಬೀಳುತ್ತೇವೆಯೇ ಹೊರತು ಬಿಡುವುದಿಲ್ಲ. ಅದಕ್ಕಿಂತ ದೊಡ್ಡ ಜೋಡಿಯೇ ಇಲ್ಲ. ಎದುರಿಗೆ ಮೂರು ಎಂಟು ಇದೆ ಎಂದು ಎಲ್ಲೂ ಬರೆದಿರಲಿಲ್ಲ. ನನ್ನ ಮುಖ ಅವಳಿಗೆ ಕಾಣುವಂತಿರಲಿಲ್ಲ. ಎಂಟು ಜನರ ಮೇಜಿನಲ್ಲಿ ಇಪ್ಪತ್ತು ಮೈಲಿ ಆಚೆ ಕೂತು, ಆಟದ ಅತಿ ದೊಡ್ಡ ಜೋಡಿಯನ್ನು ಹಳಸಿದ ಅನ್ನವನ್ನು ಪಕ್ಕಕ್ಕಿಡುವಂತೆ ಇಟ್ಟುಬಿಟ್ಟಳು.

"ಅಕ್ಕ ಇದೇನ್ ಮಾಡ್ದೆ," ಎಂದು ರುದ್ರೇಶ ಮೇಜಿನ ಪಕ್ಕದ ಡಬ್ಬದಲ್ಲಿ ಬರೆದ. ಇನ್ನೊಬ್ಬರು ಕೈಮುಗಿಯುವ ಚಿತ್ರ ಹಾಕಿದರು.

ನನ್ನ ಅಂಗಡಿಗೆ ಒಮ್ಮೆ ಹಿರೇನಲ್ಲೂರಿನಿಂದ ಒಬ್ಬ ಮುದುಕ ಬಂದಿದ್ದ. ಎಪ್ಪತ್ತು ದಾಟಿದ ಮೇಲೆ ಮೊದಲ ಸಲ ಕನ್ನಡಕ. ಹಾಕಿ ಅಂಗಡಿಯ ಬಾಗಿಲಲ್ಲಿ ನಿಲ್ಲಿಸಿದೆ. ರಸ್ತೆಯ ಆಚೆ ಒಂದು ಬೇವಿನ ಮರ. ಬಹಳ ಹೊತ್ತು ನೋಡಿದ. "ಇದ್ರಾಗೆ ಇಷ್ಟೊಂದು ಎಲೆ ಐತಾ," ಅಂದ. ಅವನಿಗೆ ಮರವೆಂದರೆ ಅಲ್ಲಿಯವರೆಗೆ ಒಂದು ಹಸಿರು ಮುದ್ದೆ. ಇಂಥ ಮುಖಗಳನ್ನು ನಾನು ಬಹಳ ಕಂಡಿದ್ದೇನೆ, ಇದು ನನ್ನ ಉದ್ಯೋಗದಲ್ಲಿ ಸಿಗುವ ಮೇಲುಸಂಪಾದನೆ. ಅವತ್ತು ಆ ಎರಡು ಎಕ್ಕಗಳನ್ನು ನೋಡುತ್ತಾ ನನ್ನ ಮುಖ ಹಾಗೇ ಆಗಿರಬೇಕು. ಇಷ್ಟು ವರ್ಷ ಅಕ್ಕನನ್ನು ಜೊತೆಯಲ್ಲಿ ಹುಟ್ಟಿದವಳು ಎಂದಷ್ಟೇ ತಿಳಿದಿದ್ದೆ. ಅವಳನ್ನು ಸರಿಯಾಗಿ ನೋಡಿದ್ದು ಆವಾಗಲೇ. ಭಯವಾಯಿತು. ಗೌರವ ಬಂತು. ಅವಳು ಅವ್ವನನ್ನು ಏಳು ವರ್ಷ ಹೇಗೆ ನೋಡಿಕೊಂಡಿರಬಹುದು ಎಂಬುದೂ ಯಾಕೋ ಆಗಲೇ ಕಣ್ಣಿಗೆ ಕಟ್ಟಿತು. ಕೈಯಲ್ಲಿದ್ದ ದೊಡ್ಡ ದೊಡ್ಡದನ್ನೆಲ್ಲ ಹೀಗೆ ಸದ್ದಿಲ್ಲದೆ ಕೆಳಗಿಟ್ಟುಕೊಂಡೇ ನೋಡಿಕೊಂಡಿದ್ದಾಳೆ.

ಮುಂದಿನ ಆಟದ ಎಲೆ ಹಂಚುತ್ತಿದ್ದ ಹಾಗೆ ಫೋನು ಹೊಡೆದುಕೊಂಡಿತು. ಹಸಿರು ಮೇಜು ಮರೆಯಾಗಿ ಪರದೆಯ ಮೇಲೆ 'ಅಕ್ಕ' ಎಂದು ಬಂತು. ಮೂರು ವರ್ಷದಿಂದ ಆ ಹೆಸರನ್ನು ನಾನು ಒತ್ತಿದ್ದೇನೆ, ಅದು ತಾನಾಗಿ ಬಂದಿರಲಿಲ್ಲ. ಎತ್ತಲು ಎರಡು ಸಲ ತಪ್ಪು ಜಾಗ ಒತ್ತಿದೆ.

"ಎಂಟರ ಜೋಡಿ ತಾನೆ?" ಅಂದಳು. ಹಲೋ ಇಲ್ಲ, ಏನಿಲ್ಲ.

"ಹೂಂ ಅಕ್ಕ. ನಿಂಗೆಂಗೆ ಗೊತ್ತಾಯ್ತು?"

"ರಾಣಿ ಜೋಡಿ ಇದ್ದಿದ್ರೆ ನೀನು ಮೊದ್ಲೇ ಏರಿಸ್ತಿದ್ದೆ. ಒಂದೇ ಒಂದು ರಾಣಿ ಇಟ್ಕೊಂಡು ನನ್ ಮೇಲೆ ಎಲ್ಲಾ ತಳ್ಳೋವಷ್ಟು ಗಂಡಸಲ್ಲ ನೀನು. ಮೂರರ ಜೋಡಿನೋ ಐದರ ಜೋಡಿನೋ ಆಗಿದ್ರೆ ಹೆದರ್ಕೊಂಡು ಶುರುವಿಗೇ ಬಿಸಾಕ್ತಿದ್ದೆ. ಇನ್ನೇನು ಉಳೀತೋ ಅಲ್ಲಿ?"

ಬೋರ್ಡಿನ ಮೇಲೆ ಲೆಕ್ಕ ಬಿಡಿಸಿದಂತೆ ಹೇಳಿದಳು. ನಾನು ಬೆರಳಿನ ಗೆಣ್ಣು ಸವರಿಕೊಂಡೆ. ಆ ಕಡೆ ತರೀಕೆರೆಯಲ್ಲಿ ಕುಕ್ಕರು ಒಂದು ಸಲ ಕೂಗಿತು.

"ನಂದು ದೊಡ್ಡ ಎ‌ಲೆ ಅಂತ ಗೊತ್ತಿತ್ತಾ ನಿಂಗೆ?"

"ಗೊತ್ತಿತ್ತು."

"ತಳ್ಳಿದ್ರೆ ನಾನ್ ಆಚೆ ಹೋಗ್ತೀನಿ ಅಂತ?"

"ಅದೂ ಗೊತ್ತಿತ್ತು."

"ಗೊತ್ತಿದ್ದೂ ತಳ್ಳಿದೆ."

"ಹೂಂ ಅಕ್ಕ."

ಇನ್ನೊಂದು ಸಲ ಕುಕ್ಕರು ಕೂಗಿತು. ನಮ್ಮಿಬ್ಬರ ಸರದಿಯೂ ಬಂದು, ಕಾದು, ಮೇಜಿನ ಮೇಲೆ ನಮ್ಮ ಎಲೆಗಳು ತಾವಾಗಿಯೇ ಕೆಳಗೆ ಬಿದ್ದಿರಬೇಕು. ಇಬ್ಬರಿಗೂ ಅದರ ಗೊಡವೆ ಇರಲಿಲ್ಲ. ವಿಮಲ ಮೊರ ಪಕ್ಕಕ್ಕಿಟ್ಟು ನನ್ನ ಬಾಯನ್ನೇ ನೋಡುತ್ತಿದ್ದಳು.

"ಬುಧವಾರ ಬತ್ತೀನಿ ಕಡೂರಿಗೆ," ಅಂದಳು ಅಕ್ಕ. ದನಿ ಮಾತ್ರ ಮೊದಲಿನಷ್ಟು ಗಟ್ಟಿಯಾಗಿರಲಿಲ್ಲ. "ತೋಟದ್ದು ಪತ್ರ ಬರ್ಸು. ಸರಿಯಾಗಿ ಅರ್ಧ. ನೆಂಟರನ್ನ ಕರೀಬ್ಯಾಡ. ಮೈಸೂರುಪಾಕು ತರಬ್ಯಾಡ."

"ಆಯ್ತಕ್ಕ."

ಅಷ್ಟಕ್ಕೆ ಸುಮ್ಮನಾಗಿದ್ದರೆ ನಾನು ಬುದ್ಧಿವಂತ ಅನ್ನಿಸಿಕೊಳ್ಳುತ್ತಿದ್ದೆ. ಸಂತೋಷ ಗಂಟಲಿಗೆ ಬಂದಿತ್ತು, ನಾಲಗೆ ತಾನೇ ಹೊರಳಿತು. "ನಲವತ್ತೊಂದು ಮರ ಐತಲ್ಲಕ್ಕ ಅಲ್ಲಿ. ಇಪ್ಪತ್ತಿಪ್ಪತ್ತು ಮಾಡಿದ್ರೆ ಒಂದು ಉಳೀತೈತೆ. ಅದನ್ನ ನೀನೇ—"

ಬಾಯಿ ಮುಚ್ಚಿಕೊಂಡೆ. ತಡವಾಗಿತ್ತು. ಲೈನು ಕಟ್ಟಾಯಿತೇ ಎಂದು ಫೋನನ್ನು ಕಿವಿಯಿಂದ ತೆಗೆದು ನೋಡಿದೆ. ಕಟ್ಟಾಗಿರಲಿಲ್ಲ.

"ಲೇ ಸಿದ್ದ," ಅಂದಳು ಅಕ್ಕ. "ಒಂದ್ ಇಸ್ಪೀಟ್ ಕಟ್ಟು ತತ್ತೀನಿ. ಆ ಒಂದು ಮರಕ್ಕೆ ಅದರ ಬುಡದಾಗೇ ಕೂತು ಆಡಾಣ. ನಾನೇ ಗೆಲ್ತೀನಿ, ಅದು ಬೇರೆ ಮಾತು. ನೀನು ಮಾತ್ರ ಸರಿಯಾಗಿ ಆಡು."